ಸೋಲನ್ನು ಲೆಕ್ಕಕ್ಕೆ ಬರೆದ ವೈದ್ಯ

ವೈದ್ಯರ ಜೀವನಚರಿತ್ರೆಯನ್ನು ಬರೆಯುವವರಲ್ಲಿ ಒಂದು ದೌರ್ಬಲ್ಯವುಂಟು. ಅವರು ಕಥೆಯನ್ನು ವಿಜಯದ ದಿನದಲ್ಲಿ ನಿಂತು ಹಿಂದಕ್ಕೆ ಓದುತ್ತಾರೆ. ಹಾಗೆ ಓದಿದಾಗ ಹಿಂದಣ ಸೋಲುಗಳೆಲ್ಲ ಗೆಲವಿನ ಮಂದಿರಕ್ಕೆ ಏರಿಹೋದ ಸೋಪಾನಗಳಂತೆ ತೋರಿ, ಆ ಸೋಪಾನಗಳ ಮೇಲೆ ಪ್ರಾಣವನ್ನು ಬಿಟ್ಟವರ ಸ್ಮರಣೆ ಮಸುಕಾಗಿಬಿಡುತ್ತದೆ. ಅಸ್ಥಿಮಜ್ಜೆಯ ಕಸಿಯನ್ನು ರಕ್ತದ ಕ್ಯಾನ್ಸರಿಗೆ ಚಿಕಿತ್ಸೆಯಾಗಿ ಸಾಧಿಸಿಕೊಟ್ಟು, 1990ರಲ್ಲಿ ಮೂತ್ರಪಿಂಡದ ಕಸಿಯನ್ನು ಸಾಧಿಸಿದ ಜೋಸೆಫ್ ಮರ್ರೆ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಅಮೆರಿಕದ ವೈದ್ಯ ಎಡ್ವರ್ಡ್ ಡಾನಲ್ ಥಾಮಸರ ಕಥೆಯನ್ನೂ ಹೀಗೆಯೇ ಹೇಳುವುದು ವಾಡಿಕೆ. ಆದರೆ ಅವರ ವೃತ್ತಿಜೀವನದ ಅತ್ಯುನ್ನತ ಕಾಲವಾವುದೆಂದು ನನ್ನನ್ನು ಕೇಳಿದರೆ, ಮನುಷ್ಯರಿಗೆ ಪರರ ಮಜ್ಜೆಯನ್ನು ಕೊಡುವ ಪ್ರಯತ್ನವನ್ನು ತಾವಾಗಿಯೇ ಬಹುಮಟ್ಟಿಗೆ ನಿಲ್ಲಿಸಿ, ಹೆಚ್ಚುಕಡಮೆ ಒಂದು ದಶಕದ ಕಾಲ ನಾಯಿಗಳ ಪ್ರಯೋಗಶಾಲೆಗೆ ಹಿಂದಿರುಗಿ ಕುಳಿತ ವರ್ಷಗಳನ್ನೇ ತೋರಿಸುವೆನು. ಸ್ಟೆಮ್ ಸೆಲ್ ಎಂಬ ಹೆಸರು ಜಾಹೀರಾತಿನ ಮಂತ್ರವಾಗಿರುವ ಈ ಕಾಲದಲ್ಲಿ ನಮ್ಮ ವೈದ್ಯರೂ ರೋಗಿಗಳೂ ಆಳುವವರೂ ಗಮನವಿಟ್ಟು ಓದಬೇಕಾದ ಅಧ್ಯಾಯ ಅದು.

ಥಾಮಸರು ಹುಟ್ಟಿದುದು 1920ರ ಮಾರ್ಚ್ 15ರಂದು, ಟೆಕ್ಸಸ್ ಸಂಸ್ಥಾನದ ಮಾರ್ಟ್ ಎಂಬ ಸಣ್ಣ ಊರಿನಲ್ಲಿ. ತಂದೆ ಕುದುರೆಗಾಡಿಯ ಕಾಲದಲ್ಲಿ ವೃತ್ತಿಗಿಳಿದ ಹಳ್ಳಿಗಾಡಿನ ವೈದ್ಯರು. ಮಗ ಆಸ್ಟಿನ್ ನಗರದ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ಓದಿ, ಹಾರ್ವರ್ಡಿನಲ್ಲಿ 1946ರಲ್ಲಿ ವೈದ್ಯ ಪದವಿಯನ್ನು ಪಡೆದು, ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ತರಬೇತಿ ಹೊಂದಿದರು. ಆಸ್ಟಿನ್ನಿನಲ್ಲಿ ಅವರಿಗೆ ಪರಿಚಯವಾದ ಡೊರೊತಿ ಮಾರ್ಟಿನ್ ಎಂಬಾಕೆ ಪತ್ರಿಕೋದ್ಯಮದ ವಿದ್ಯಾರ್ಥಿನಿ. 1942ರಲ್ಲಿ ಇವರ ಕೈಹಿಡಿದ ತರುವಾಯ ತನ್ನ ವಿದ್ಯೆಯನ್ನು ಬದಿಗಿಟ್ಟು, ರಕ್ತಪರೀಕ್ಷೆಯ ತಂತ್ರಜ್ಞೆಯಾಗಿ ತರಬೇತಿ ಪಡೆದು, ಮೂವರು ಮಕ್ಕಳನ್ನು ಸಾಕುತ್ತಲೇ ಪ್ರಯೋಗಶಾಲೆಯಲ್ಲಿ ದುಡಿದು, ಮುಂದೆ ಸಂಶೋಧನೆಯ ಆಡಳಿತವನ್ನೂ ಲೇಖನಗಳ ಪರಿಷ್ಕರಣವನ್ನೂ ತಾನೇ ನಿರ್ವಹಿಸಿದಳು. ಸ್ಟಾಕ್‌ಹೋಮಿನ ವೇದಿಕೆಯಲ್ಲಿ ಕರೆದುದು ಒಬ್ಬರ ಹೆಸರನ್ನಾದರೂ, ಅಸ್ಥಿಮಜ್ಜೆ ಕಸಿಗೆ ಥಾಮಸರು ತಂದೆಯಾದರೆ ಡೊರೊತಿ ತಾಯಿ ಎಂಬ ಮಾತು ಆ ಕ್ಷೇತ್ರದವರಲ್ಲಿ ರೂಢಿಗೆ ಬಂದಿತು.

ಅವರು ಎತ್ತಿಕೊಂಡ ಸಮಸ್ಯೆ ಅಣುಯುಗದ ಭೀತಿಯಿಂದ ಹುಟ್ಟಿದುದು. ವಿಕಿರಣದ ದೊಡ್ಡ ಪ್ರಮಾಣಕ್ಕೆ ಸಿಕ್ಕ ಪ್ರಾಣಿ ಸಾಯುವುದು ಬಹುತೇಕ ಮಜ್ಜೆ ನಾಶವಾಗಿ ರಕ್ತಕಣಗಳ ಉತ್ಪತ್ತಿ ನಿಂತುಹೋಗುವುದರಿಂದ. ಲಿಯೋನ್ ಜೇಕಬ್‌ಸನ್ ಎಂಬ ವಿಜ್ಞಾನಿ ಇಲಿಯ ಗುಲ್ಮಕ್ಕೆ ಸೀಸದ ಹೊದಿಕೆಯಿಟ್ಟರೆ ಅದು ಮಾರಕ ವಿಕಿರಣದಿಂದ ಬದುಕುಳಿಯುವುದನ್ನು 1949ರಲ್ಲಿ ತೋರಿಸಿದರು. 1951ರಲ್ಲಿ ಲೊರೆಂಜ್ ಮತ್ತು ಸಂಗಡಿಗರು, ವಿಕಿರಣಕ್ಕೆ ಗುರಿಯಾದ ಇಲಿಗೆ ಮತ್ತೊಂದರ ಮಜ್ಜೆಯನ್ನು ಕೊಟ್ಟರೂ ಅದೇ ರಕ್ಷಣೆ ದೊರೆಯುವುದನ್ನು ಕಂಡರು. ಇದರಿಂದ ಥಾಮಸರ ಮನಸ್ಸಿನಲ್ಲಿ ಒಂದು ತರ್ಕ ಮೂಡಿತು. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರು ಮಜ್ಜೆಯಲ್ಲಿ ಹುಟ್ಟುವ ರೋಗ. ರೋಗಿಯ ಮಜ್ಜೆಯನ್ನು ವಿಕಿರಣದಿಂದಲೂ ಔಷಧದಿಂದಲೂ ಸಂಪೂರ್ಣವಾಗಿ ನಾಶಪಡಿಸಿ, ಆರೋಗ್ಯವಂತನೊಬ್ಬನ ಮಜ್ಜೆಯನ್ನು ಅಲ್ಲಿ ಬೇರೂರಿಸಿದರೆ ರೋಗವೂ ಹೋಗಿ ರಕ್ತವೂ ಹೊಸದಾಗಬಾರದೇಕೆ? ವಿಧಾನವೇನೋ ಆಶ್ಚರ್ಯವಾಗುವಷ್ಟು ಸರಳ. ದಾನಿಯ ಸೊಂಟದ ಎಲುಬಿನಿಂದ ಸೂಜಿಯ ಮೂಲಕ ಮಜ್ಜೆಯನ್ನು ಸೆಳೆದು, ರಕ್ತವನ್ನು ಕೊಡುವಂತೆಯೇ ರೋಗಿಯ ಅಭಿಧಮನಿಗೆ ಹರಿಯಬಿಟ್ಟರೆ, ಅದರೊಳಗಿನ ಆಕರಕೋಶಗಳು, ಎಂದರೆ ಸ್ಟೆಮ್ ಸೆಲ್‌ಗಳು, ಯಾರ ಮಾರ್ಗದರ್ಶನವೂ ಇಲ್ಲದೆ ಎಲುಬುಗಳ ಒಳಮನೆಯನ್ನು ಹುಡುಕಿಕೊಂಡು ಹೋಗಿ ನೆಲೆಸಿ, ಕೆಲವು ವಾರಗಳಲ್ಲಿ ಹೊಸ ರಕ್ತವನ್ನು ಉತ್ಪಾದಿಸತೊಡಗುತ್ತವೆ. ಕಷ್ಟವೆಲ್ಲ ಇದ್ದುದು ಆ ಕೆಲವು ವಾರಗಳಲ್ಲಿ ಮತ್ತು ಅನಂತರದಲ್ಲಿ.

ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬ ಚಿಕ್ಕ ಊರಿನ ಆಸ್ಪತ್ರೆಗೆ 1955ರಲ್ಲಿ ಬಂದ ಥಾಮಸರು, ಜೋಸೆಫ್ ಫೆರೆಬೀ ಅವರ ಜೊತೆಗೂಡಿ, ಬೇರೆ ದಾರಿಯಿಲ್ಲದ ಆರು ಮಂದಿ ರೋಗಿಗಳಿಗೆ ಮಜ್ಜೆಯನ್ನು ಕೊಟ್ಟರು. ಆ ಅನುಭವವನ್ನು 1957ರಲ್ಲಿ ಪ್ರಕಟಿಸಿದರು. ಆರು ಮಂದಿಯಲ್ಲಿ ಒಬ್ಬರೂ ನೂರು ದಿನಗಳನ್ನು ದಾಟಿ ಬದುಕಲಿಲ್ಲ. ಲ್ಯುಕೇಮಿಯಾ ರೋಗಿಗಳಿಗೆ ತದ್ರೂಪಿ ಅವಳಿಗಳ ಮಜ್ಜೆಯನ್ನು ಕೊಟ್ಟ ವರದಿ 1959ರಲ್ಲಿ ಹೊರಬಂದಿತು; ಅಲ್ಲಿ ಮಜ್ಜೆಯೇನೋ ಬೇರೂರಿತು, ಮಾರಕ ವಿಕಿರಣದಿಂದ ರೋಗಿ ಚೇತರಿಸಿಕೊಂಡುದೂ ಆಯಿತು, ಆದರೆ ಕೆಲವು ತಿಂಗಳುಗಳಲ್ಲಿ ಲ್ಯುಕೇಮಿಯಾ ಮರಳಿತು. ಇತರ ಕೇಂದ್ರಗಳಲ್ಲಿಯೂ ಇದೇ ಕಥೆ. 1950 ಮತ್ತು 60ರ ದಶಕಗಳಲ್ಲಿ ಜಗತ್ತಿನ ಹಲವೆಡೆ ಸುಮಾರು 200 ಮಂದಿಗೆ ಪರರ ಮಜ್ಜೆಯನ್ನು ಕಸಿಮಾಡಲಾಯಿತೆಂದೂ, ದೀರ್ಘಕಾಲ ಬದುಕಿದವರು ಇಲ್ಲವೆನ್ನುವಷ್ಟು ವಿರಳವೆಂದೂ ಅಂದಿನ ಸಮೀಕ್ಷೆಗಳಿಂದ ತಿಳಿಯುತ್ತದೆ. ಕೆಲವರಲ್ಲಿ ದೇಹವು ಪರಕೀಯ ಮಜ್ಜೆಯನ್ನು ತಿರಸ್ಕರಿಸಿತು. ಕೆಲವರಲ್ಲಿ ಅದಕ್ಕಿಂತಲೂ ವಿಚಿತ್ರವಾದ ವಿಪತ್ತು ಒದಗಿ, ಹೊಸದಾಗಿ ಬಂದ ಮಜ್ಜೆಯೇ ತನಗೆ ಆಶ್ರಯವಿತ್ತ ದೇಹವನ್ನು ಶತ್ರುವೆಂದು ಬಗೆದು, ಚರ್ಮವನ್ನೂ ಯಕೃತ್ತನ್ನೂ ಕರುಳನ್ನೂ ನಾಶಮಾಡಿತು. ಇಂದಿನ ಆಸ್ಪತ್ರೆಗಳಲ್ಲಿ ಜಿ.ವಿ.ಎಚ್.ಡಿ. ಎಂದು ಕರೆಯುವ ವ್ಯಾಧಿ ಅದೇ.

ಈ ಘಟ್ಟದಲ್ಲಿ ಒಬ್ಬ ವೈದ್ಯನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ಮಾತ್ರ ಕಾಣುತ್ತವೆ. ಸಾಯಲಿರುವವರಿಗೆ ಏನನ್ನಾದರೂ ಮಾಡಿ ನೋಡುವುದೇ ಕರುಣೆಯೆಂದು ತನ್ನನ್ನು ತಾನೇ ಒಪ್ಪಿಸಿಕೊಂಡು ಮುಂದುವರಿಯುವುದು ಒಂದು. ಇದು ಅಸಾಧ್ಯವೆಂದು ಕೈಚೆಲ್ಲಿ ಬೇರೆ ವಿಷಯಕ್ಕೆ ಹೋಗುವುದು ಇನ್ನೊಂದು. ಆ ದಿನಗಳಲ್ಲಿ ಅನೇಕರು ಎರಡನೆಯದನ್ನು ಹಿಡಿದರು. ವ್ಯಕ್ತಿವ್ಯಕ್ತಿಗಳ ನಡುವಣ ರೋಗನಿರೋಧದ ಗೋಡೆಯನ್ನು ಎಂದಿಗೂ ದಾಟಲಾಗದೆಂಬುದು ಬಲ್ಲವರ ಸಾಮಾನ್ಯ ಅಭಿಪ್ರಾಯವಾಗಿದ್ದಿತು. ಥಾಮಸರು ಮೂರನೆಯದೊಂದನ್ನು ಹಿಡಿದರು. ಗುರಿಯನ್ನು ಬಿಡಲಿಲ್ಲ, ರೋಗಿಯನ್ನು ಮಾತ್ರ ಪ್ರಯೋಗದಿಂದ ದೂರವಿಟ್ಟರು. 1963ರಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ ಬಂದು, ತಮಗಿಂತ ಕಿರಿಯರಾದ ರಾಬರ್ಟ್ ಎಪ್‌ಸ್ಟೈನ್, ರೈನರ್ ಸ್ಟಾರ್ಬ್ ಮುಂತಾದವರನ್ನು ಕೂಡಿಸಿಕೊಂಡು, ನಾಯಿಗಳಲ್ಲಿ ಕೆಲಸವನ್ನು ಮುಂದುವರಿಸಿದರು. ನಾಯಿಯೇ ಏಕೆಂದರೆ, ಪ್ರಯೋಗಶಾಲೆಯ ಇಲಿಗಳಂತೆ ಅವು ಒಂದೇ ಅಚ್ಚಿನವಲ್ಲ. ಮನುಷ್ಯರಂತೆಯೇ ಅವುಗಳಲ್ಲಿ ವಂಶವೈವಿಧ್ಯವಿದೆ, ಒಂದೇ ಸೂಲಿನಲ್ಲಿ ಹಲವು ಮರಿಗಳು ಹುಟ್ಟುತ್ತವೆ, ಮನುಷ್ಯರಿಗೆ ಬರುವಂಥ ರಕ್ತದ ಕ್ಯಾನ್ಸರುಗಳೂ ಅವುಗಳಿಗೆ ಬರುತ್ತವೆ. ಅದೇ ಸುಮಾರಿಗೆ, ಪ್ಯಾರಿಸ್ಸಿನಲ್ಲಿ ಜಾನ್ ಡೋಸೆ 1958ರಲ್ಲಿ ಕಂಡುಹಿಡಿದ ಮೊದಲ ಬಿಳಿಯ ರಕ್ತಕಣ ಗುರುತಿನಿಂದ ಬೆಳೆಯುತ್ತ ಬಂದ ಎಚ್.ಎಲ್.ಎ. ಶಾಸ್ತ್ರ ಮನುಷ್ಯರಲ್ಲಿ ಹೊಂದಾಣಿಕೆಯನ್ನು ಅಳೆಯುವ ಸಾಧನವನ್ನು ಒದಗಿಸುತ್ತಿದ್ದಿತು. ಸಿಯಾಟಲ್ ತಂಡ ನಾಯಿಗಳಲ್ಲಿಯೂ ಅಂಥದೇ ಗುರುತುಗಳನ್ನು ಹಚ್ಚಿ, ಹೊಂದಾಣಿಕೆಯಿರುವ ಒಡಹುಟ್ಟಿದ ಮರಿಯಿಂದ ಮಜ್ಜೆಯನ್ನು ಪಡೆದು, ತರುವಾಯ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಕೊಟ್ಟರೆ ಹಲವು ನಾಯಿಗಳು ದೀರ್ಘಕಾಲ ಆರೋಗ್ಯದಿಂದ ಬದುಕುವುದನ್ನೂ, ಹೊಂದಾಣಿಕೆಯಿಲ್ಲದ ಕಡೆ ಅವು ಸಾಯುವುದನ್ನೂ ಸಾಧಿಸಿ ತೋರಿಸಿತು. ಹಾಗೆ ತೋರಿಸಿದ ಮೇಲೆಯೇ, 1969ರಲ್ಲಿ, ಥಾಮಸರು ಹೊಂದಾಣಿಕೆಯಿರುವ ಒಡಹುಟ್ಟಿದವರ ಮಜ್ಜೆಯೊಡನೆ ಮನುಷ್ಯರ ಬಳಿಗೆ ಹಿಂದಿರುಗಿದುದು.

ಇಲ್ಲೊಂದು ಆಕ್ಷೇಪವುಂಟು, ಅದನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆ ದಶಕದಲ್ಲಿ ಲ್ಯುಕೇಮಿಯಾದಿಂದ ಸತ್ತವರಿಗೆ ಈ ಸಂಯಮದಿಂದ ಬಂದ ಲಾಭವೇನು? ಸಾವು ನಿಶ್ಚಿತವಾಗಿರುವಾಗ ನೂರಕ್ಕೊಂದು ಅವಕಾಶವನ್ನಾದರೂ ಅವರಿಗೆ ಏಕೆ ನಿರಾಕರಿಸಬೇಕಾಗಿತ್ತು? ಪ್ರಶ್ನೆ ನ್ಯಾಯವಾದುದೇ. ಆದರೆ ಅಂದು ಇದ್ದುದು ನೂರಕ್ಕೊಂದು ಅವಕಾಶವೂ ಅಲ್ಲವೆಂಬುದನ್ನು ಆ 200 ಮಂದಿಯ ಅನುಭವ ಹೇಳಿತು. ಅದರ ಮೇಲೆ, ಮಾರಕ ವಿಕಿರಣವೂ ಚರ್ಮ ಸುಲಿದುಹೋಗುವ ವ್ಯಾಧಿಯೂ ಸೇರಿದ ಸಾವು, ಲ್ಯುಕೇಮಿಯಾ ಒಂದೇ ತರುವ ಸಾವಿಗಿಂತ ಸುಲಭವಾದುದೇನೂ ಅಲ್ಲ. ಸಾಯುವವನಿಗೆ ಕಳೆದುಕೊಳ್ಳುವುದೇನೂ ಇಲ್ಲವೆಂಬ ಮಾತನ್ನು ಆಡುವವರು ಸಾಮಾನ್ಯವಾಗಿ ಬದುಕಿರುವವರೇ ಆಗಿರುತ್ತಾರೆ. ಉಳಿದ ದಿನಗಳ ನೆಮ್ಮದಿ, ಮನೆಯವರ ಸಾನ್ನಿಧ್ಯ, ಮನೆಯ ಹಣ — ಇವೆಲ್ಲವೂ ಅವನು ಕಳೆದುಕೊಳ್ಳಬಹುದಾದ ವಸ್ತುಗಳೇ.

ಹಿಂದಿರುಗಿ ಬಂದ ಮೇಲೂ ಅವರು ಲೆಕ್ಕವನ್ನು ಮರೆಮಾಚಲಿಲ್ಲ. ಕ್ಷೇತ್ರದವರೆಲ್ಲ ಇಂದಿಗೂ ಉಲ್ಲೇಖಿಸುವ 1977ರ ಲೇಖನದಲ್ಲಿ ಅವರ ತಂಡ 100 ಮಂದಿಯ ಫಲಿತಾಂಶವನ್ನು ಮುಂದಿಟ್ಟಿತು. ಎಲ್ಲರೂ ತೀವ್ರ ಲ್ಯುಕೇಮಿಯಾದ ಕೊನೆಯ ಹಂತದಲ್ಲಿ, ಔಷಧಗಳೆಲ್ಲ ಸೋತ ಮೇಲೆ ಬಂದವರು. ಕಸಿಯಾಗಿ ಒಂದರಿಂದ ನಾಲ್ಕೂವರೆ ವರ್ಷಗಳ ಮೇಲೆ ರೋಗವಿಲ್ಲದೆ ಬದುಕಿದ್ದವರು 13 ಮಂದಿ. ಬೇರೆಯೊಬ್ಬರಾಗಿದ್ದರೆ ಆ 13 ಮಂದಿಯ ಮುಖಚಿತ್ರಗಳನ್ನು ಪತ್ರಿಕೆಗಳಿಗೆ ಕೊಟ್ಟು, 87 ಮಂದಿಯ ಕಥೆಯನ್ನು ಕಡತಗಳಲ್ಲಿ ಮಲಗಿಸಿಬಿಡುತ್ತಿದ್ದರೇನೋ. ನೂರರ ಲೆಕ್ಕವನ್ನು ಅಖಂಡವಾಗಿ ಕೊಟ್ಟುದರಿಂದಲೇ ಅದರೊಳಗಿನ ಪಾಠ ಕಣ್ಣಿಗೆ ಬಿದ್ದಿತು. ದೇಹಸ್ಥಿತಿ ಉತ್ತಮವಾಗಿದ್ದಾಗ ಬಂದವರು ಹೆಚ್ಚು ಬದುಕುತ್ತಿದ್ದರಾಗಿ, ರೋಗ ಔಷಧಕ್ಕೆ ಮಣಿದು ಅಡಗಿರುವ ಕಾಲದಲ್ಲಿಯೇ ಕಸಿಮಾಡಬೇಕೆಂಬ ನಿರ್ಧಾರಕ್ಕೆ ಅವರು ಬಂದರು. ಎರಡು ವರ್ಷಗಳಲ್ಲಿಯೇ ಪ್ರಕಟವಾದ ಮುಂದಿನ ವರದಿಯಲ್ಲಿ ಹಾಗೆ ಕಸಿಯಾದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿದ್ದರು.

ಇದೆಲ್ಲವೂ ಒಬ್ಬನ ಪ್ರತಿಭೆಯ ಫಲವೆಂದು ಹೇಳಿದರೆ ಥಾಮಸರೇ ಒಪ್ಪುತ್ತಿರಲಿಲ್ಲ. ಮಜ್ಜೆ ಬೇರೂರುವವರೆಗಿನ ವಾರಗಳಲ್ಲಿ ರೋಗಿಗೆ ಬಿಳಿಯ ರಕ್ತಕಣಗಳೂ ಇಲ್ಲ, ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಇಲ್ಲ. ಒಂದು ಸಾಮಾನ್ಯ ಸೋಂಕು ಸಾಕು, ಎಲ್ಲವೂ ಮುಗಿಯಲು. ಹಗಲಿರುಳು ಬಳಿಯಿದ್ದು ಕಾದವರು ದಾದಿಯರು. ಮತ್ತೆ ಮತ್ತೆ ಚುಚ್ಚಿಸಿಕೊಂಡು ನರಗಳೇ ಸಿಗದಂತಾದ ರೋಗಿಗಳಿಗೆ ತಿಂಗಳುಗಟ್ಟಲೆ ಎದೆಯಲ್ಲಿಯೇ ಉಳಿಯಬಲ್ಲ ಕೊಳವೆಯೊಂದನ್ನು ಸಿಯಾಟಲ್ಲಿನ ಮಕ್ಕಳ ವೈದ್ಯ ರಾಬರ್ಟ್ ಹಿಕ್ಮನ್ ಸುಧಾರಿಸಿಕೊಟ್ಟರು; ಇಂದಿಗೂ ನಮ್ಮ ಕಸಿ ವಾರ್ಡುಗಳಲ್ಲಿ ಹಿಕ್ಮನ್ ಎಂಬ ಹೆಸರು ದಿನನಿತ್ಯದ ಮಾತು. ಶ್ವಾಸಕೋಶದ ಕ್ಯಾನ್ಸರಿನಿಂದ ಅಕಾಲದಲ್ಲಿ ಮಡಿದ ಬೇಸ್‌ಬಾಲ್ ಆಟಗಾರ ಫ್ರೆಡ್ ಹಚಿನ್‌ಸನ್ನನ ನೆನಪಿಗಾಗಿ, ಶಸ್ತ್ರವೈದ್ಯನಾದ ಅವನ ಅಣ್ಣ ಕಟ್ಟಿಸಿದ ಸಂಶೋಧನಾ ಕೇಂದ್ರ 1975ರಲ್ಲಿ ತೆರೆದಾಗ, ಥಾಮಸರ ತಂಡಕ್ಕೆ ಸ್ಥಿರವಾದ ನೆಲೆ ದೊರೆಯಿತು. ಹತ್ತು ವರ್ಷ ಫಲಕಾಣದ ಕೆಲಸಕ್ಕೆ ಅನುದಾನವನ್ನು ನಿಲ್ಲಿಸದೆ ಕೊಟ್ಟ ಸರ್ಕಾರವೂ ಈ ಸಾಧನೆಯಲ್ಲಿ ಪಾಲುಗಾರ.

ಅವರ ಕೇಂದ್ರವೂ ವಿಮರ್ಶೆಗೆ ಅತೀತವಾಗಿ ಉಳಿಯಲಿಲ್ಲ. 1980ರ ದಶಕದಲ್ಲಿ ದಾನಿಯ ಮಜ್ಜೆಯಿಂದ ಟಿ-ಕೋಶಗಳೆಂಬ ರೋಗನಿರೋಧಕ ಕಣಗಳನ್ನು ತೆಗೆದುಹಾಕಿ ಜಿ.ವಿ.ಎಚ್.ಡಿ.ಯನ್ನು ತಡೆಯುವ ಪ್ರಯತ್ನ ಅಲ್ಲಿ ನಡೆಯಿತು. ಆ ವ್ಯಾಧಿ ಕಡಮೆಯಾದುದು ನಿಜ. ಆದರೆ ಮಜ್ಜೆ ತಿರಸ್ಕೃತವಾಗುವುದೂ ಲ್ಯುಕೇಮಿಯಾ ಮರುಕಳಿಸುವುದೂ ಹೆಚ್ಚಿತು. ದೇಹದ ಮೇಲೆರಗುವ ಆ ಕೋಶಗಳೇ ಅಡಗಿ ಉಳಿದ ಕ್ಯಾನ್ಸರನ್ನೂ ಕೊಲ್ಲುತ್ತವೆಯೆಂಬ ತತ್ತ್ವ ಹೀಗೆ ಮತ್ತಷ್ಟು ದೃಢವಾಯಿತು. ಆ ಪರೀಕ್ಷೆಗೆ ಒಳಗಾದವರಿಗೆ ಅಪಾಯವನ್ನೂ ಸಂಸ್ಥೆಯ ಕೆಲವರಿಗಿದ್ದ ಆರ್ಥಿಕ ಹಿತಾಸಕ್ತಿಯನ್ನೂ ಸರಿಯಾಗಿ ತಿಳಿಸಲಿಲ್ಲವೆಂದು ಸಿಯಾಟಲ್ಲಿನ ಪತ್ರಿಕೆಯೊಂದು 2001ರಲ್ಲಿ ಆರೋಪಿಸಿತು. ವ್ಯಾಜ್ಯ ನ್ಯಾಯಾಲಯವನ್ನೇರಿ, 2004ರಲ್ಲಿ ತೀರ್ಪು ಬಹುಮಟ್ಟಿಗೆ ಸಂಸ್ಥೆಯ ಪರವಾಗಿ ಬಂದಿತು. ತೀರ್ಪು ಏನೇ ಇರಲಿ, ಲೆಕ್ಕವನ್ನು ಪ್ರಾಮಾಣಿಕವಾಗಿ ಕೊಡುವ ಸಂಸ್ಥೆಯನ್ನೂ ಹೊರಗಿನವರು ಪ್ರಶ್ನಿಸುವುದಕ್ಕೆ ಅವಕಾಶವಿರಬೇಕೆಂಬುದು ಆ ಪ್ರಕರಣದಿಂದ ನಾವು ಕಲಿಯಬೇಕಾದುದು. ಒಬ್ಬ ಮಹನೀಯನ ಸದ್ಗುಣವನ್ನು ನಂಬಿ ವ್ಯವಸ್ಥೆಯನ್ನು ಕಟ್ಟಲಾಗದು.

ಲೆಕ್ಕವಿಲ್ಲದ ಉತ್ಸಾಹ ಎಲ್ಲಿಗೆ ಒಯ್ಯುವುದೆಂಬುದಕ್ಕೆ ಅದೇ ಅಮೆರಿಕದಲ್ಲಿ, ಅದೇ ವಿದ್ಯೆಯ ಇತಿಹಾಸದಲ್ಲಿಯೇ ನಿದರ್ಶನವಿದೆ. ರೋಗಿಯ ಸ್ವಂತ ಮಜ್ಜೆಯನ್ನು ಅಥವಾ ಆಕರಕೋಶಗಳನ್ನು ಮೊದಲೇ ತೆಗೆದಿಟ್ಟು, ಅತಿಪ್ರಮಾಣದ ಔಷಧವನ್ನು ಕೊಟ್ಟು, ಅನಂತರ ಅವನ್ನು ಮರಳಿಸುವ ವಿಧಾನವನ್ನು 1990ರ ದಶಕದಲ್ಲಿ ಸ್ತನದ ಕ್ಯಾನ್ಸರಿಗೆ ವ್ಯಾಪಕವಾಗಿ ಬಳಸತೊಡಗಿದರು. ಸರಿಯಾದ ತುಲನಾತ್ಮಕ ಪರೀಕ್ಷೆ ಮುಗಿಯುವ ಮೊದಲೇ ಸಾವಿರಾರು ಮಹಿಳೆಯರು ಅದಕ್ಕೆ ಒಳಗಾದರು. ವೆಚ್ಚವನ್ನು ಕೊಡಲೊಪ್ಪದ ವಿಮಾ ಕಂಪನಿಯೊಂದರ ವಿರುದ್ಧ ಕ್ಯಾಲಿಫೋರ್ನಿಯದ ತೀರ್ಪುಗಾರರು 1993ರಲ್ಲಿ ಸುಮಾರು 8.9 ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿದ ಮೇಲಂತೂ ವಿಮೆಯ ಹಣದಿಂದಲೇ ಚಿಕಿತ್ಸೆ ದೊರೆಯತೊಡಗಿ, ಪರೀಕ್ಷೆಗೆ ಸೇರಲು ಹೆಚ್ಚಿನ ರೋಗಿಗಳು ಒಪ್ಪದಾದರು. ಕೊನೆಗೆ 1999ರಲ್ಲಿ ಐದು ಪರೀಕ್ಷೆಗಳ ಫಲಿತಾಂಶ ಹೊರಬಿದ್ದಾಗ, ಸಾಮಾನ್ಯ ಚಿಕಿತ್ಸೆಗಿಂತ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ನಾಲ್ಕು ಹೇಳಿದುವು. ಪ್ರಯೋಜನವಿದೆಯೆಂದ ಐದನೆಯದು, ದಕ್ಷಿಣ ಆಫ್ರಿಕದ ವರ್ನರ್ ಬೆಜ್ವೋಡಾ ಅವರದು, ಮರುವರ್ಷವೇ ವಂಚನೆಯೆಂದು ಬಯಲಾಯಿತು. ಥಾಮಸರು ಹತ್ತು ವರ್ಷ ಕಾದು ಗಳಿಸಿದ ಕೀರ್ತಿಯನ್ನು, ಕಾಯಲೊಲ್ಲದವರು ಹತ್ತು ವರ್ಷ ಬಳಸಿಕೊಂಡರು. ಬೆಲೆಯನ್ನು ತೆತ್ತವರು ಆ ಮಹಿಳೆಯರು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದುದು ಒಳ್ಳೆಯ ಕೈಗಳಿಂದ. ಬಾಲ್ಯದಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲಿಯೇ ಬದುಕನ್ನು ಸಾಗಿಸಿದ ಡಾ. ಸುರೇಶ್ ಅಡ್ವಾಣಿಯವರು, ಸಿಯಾಟಲ್ಲಿಗೆ ಹೋಗಿ ಥಾಮಸರ ತಂಡದಲ್ಲಿ ಕಲಿತು ಬಂದು, 1983ರ ಮಾರ್ಚಿನಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಲ್ಯುಕೇಮಿಯಾ ಪೀಡಿತಳಾದ ಒಂಬತ್ತು ವರ್ಷದ ಬಾಲಕಿಗೆ ಅವಳ ಸಹೋದರನ ಮಜ್ಜೆಯನ್ನು ಕಸಿಮಾಡಿದರು. ಮೂರು ವರ್ಷಗಳ ತರುವಾಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮಾಮ್ಮೆನ್ ಚಾಂಡಿಯವರು ಥಲಸ್ಸೀಮಿಯಾ ಎಂಬ ರಕ್ತವ್ಯಾಧಿಗೆ ಈ ಚಿಕಿತ್ಸೆಯನ್ನಾರಂಭಿಸಿದರು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿಯೂ ಅದು ದೊರೆಯುತ್ತದೆ; ರಕ್ತಸಂಬಂಧವಿಲ್ಲದ ದಾನಿಗಳನ್ನು ನೋಂದಾಯಿಸುವ ಡಿ.ಕೆ.ಎಂ.ಎಸ್. ಸಂಸ್ಥೆಯ ಭಾರತೀಯ ಶಾಖೆಯ ನೆಲೆಯೂ ಬೆಂಗಳೂರೇ. ಒಡಹುಟ್ಟಿದವರೊಬ್ಬರ ಮಜ್ಜೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು ಮಾತ್ರವಾದುದರಿಂದಲೂ, ಹೊರಗಿನ ದಾನಿಯ ಹೊಂದಾಣಿಕೆ ವಂಶಮೂಲವನ್ನು ಅವಲಂಬಿಸುವುದರಿಂದಲೂ, ನಮ್ಮ ಜನ ನಮ್ಮವರಿಗಾಗಿ ಹೆಸರು ಬರೆಸದಿದ್ದರೆ ಪರದೇಶದ ಪಟ್ಟಿಗಳು ನಮ್ಮ ನೆರವಿಗೆ ಬರುವುದು ದುರ್ಲಭ. ಕೆನ್ನೆಯ ಒಳಬದಿಯಿಂದ ಹತ್ತಿಕಡ್ಡಿಯಲ್ಲಿ ತೆಗೆದ ಒಂದಿಷ್ಟು ಲೋಳೆ ನೋಂದಣಿಗೆ ಸಾಕು.

ಆದರೆ ಅದೇ ಆಕರಕೋಶದ ಹೆಸರಿನಲ್ಲಿ ಇನ್ನೊಂದು ಮಾರುಕಟ್ಟೆಯೂ ಬೆಳೆದಿದೆ. ಮಿದುಳಿನ ಪಾರ್ಶ್ವವಾಯುವಿಗೆ, ಆಟಿಸಂಗೆ, ಬೆನ್ನುಹುರಿಯ ಗಾಯಕ್ಕೆ, ಮಂಡಿಯ ಸವೆತಕ್ಕೆ ಆಕರಕೋಶದ ಚುಚ್ಚುಮದ್ದು ಕೊಡುತ್ತೇವೆಂದು ಹೇಳಿ ಲಕ್ಷಗಟ್ಟಲೆ ಹಣವನ್ನು ಪಡೆಯುವ ಚಿಕಿತ್ಸಾಲಯಗಳು ದೇಶದ ನಗರಗಳಲ್ಲಿ ತಲೆಯೆತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸಂದಿಗ್ಧಕ್ಕೆ ಎಡೆಯಿಟ್ಟಿಲ್ಲ. ರಕ್ತೋತ್ಪಾದಕ ಆಕರಕೋಶಗಳ ಕಸಿ ಒಪ್ಪಿತವಾದ ರಕ್ತದ ವ್ಯಾಧಿಗಳಿಗೆ ಚಿಕಿತ್ಸೆ. ಉಳಿದುದೆಲ್ಲ ಅನುಮತಿ ಪಡೆದ ಪರೀಕ್ಷೆಯ ಚೌಕಟ್ಟಿನೊಳಗೆ ಮಾತ್ರ ನಡೆಯತಕ್ಕದ್ದು. ಮಾರ್ಗಸೂಚಿಯಿದ್ದರೂ ಅಂಗಡಿಗಳು ತೆರೆದಿರುವುದಕ್ಕೆ ಕಾರಣ ಸ್ಪಷ್ಟವೇ. ಅವು ಗೆದ್ದವರ ಚಿತ್ರಗಳನ್ನು ತೋರಿಸುತ್ತವೆ, ಒಟ್ಟು ಎಷ್ಟು ಮಂದಿ ಬಂದರೆಂಬುದನ್ನು ಹೇಳುವುದಿಲ್ಲ. ಕೇಳುವ ಅಧಿಕಾರವುಳ್ಳವರು ಕೇಳುವುದೂ ಇಲ್ಲ. ಮಗುವಿನ ಕಷ್ಟವನ್ನು ನೋಡಲಾರದೆ ಹೊಲವನ್ನೋ ಒಡವೆಯನ್ನೋ ಮಾರಿ ಬರುವ ತಂದೆತಾಯಿಗಳನ್ನು ಮೂಢರೆಂದು ಹೀಯಾಳಿಸುವುದು ಅನ್ಯಾಯ. ಅವರ ಮುಂದೆ ಲೆಕ್ಕವನ್ನಿಡದವರು ಹೊಣೆಗಾರರು.

ಆದುದರಿಂದ ಥಾಮಸರ ಹೆಸರನ್ನು ಗೌರವಿಸುವವರು ಮಾಡಬೇಕಾದ ಕೆಲಸ ಬೇರೆಯಿದೆ. ಕಸಿ ಚಿಕಿತ್ಸೆಯನ್ನು ನೀಡುವ ಪ್ರತಿಯೊಂದು ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಷ್ಟು ಮಂದಿಗೆ ಯಾವ ರೋಗಕ್ಕೆ ಕಸಿಮಾಡಿತೆಂಬುದನ್ನೂ, ನೂರು ದಿನಗಳ ಮೇಲೆ ಮತ್ತು ಒಂದು ವರ್ಷದ ಮೇಲೆ ಅವರಲ್ಲಿ ಎಷ್ಟು ಮಂದಿ ಬದುಕಿದ್ದರೆಂಬುದನ್ನೂ ಪ್ರತಿವರ್ಷ ಸಾರ್ವಜನಿಕವಾಗಿ ಪ್ರಕಟಿಸತಕ್ಕದ್ದೆಂದು ಕಾನೂನು ಆಗಬೇಕು. ಅಮೆರಿಕದಲ್ಲಿ 2005ರ ಶಾಸನದಿಂದ ಪರದಾನಿಗಳ ಕಸಿಗೆ ಇಂಥ ನಿಯಮ ಜಾರಿಯಲ್ಲಿದೆ. ನಮ್ಮಲ್ಲಿಯೂ ಸರ್ಕಾರದ ವಿಮಾ ಯೋಜನೆಗಳ ಹಣ ಆಸ್ಪತ್ರೆಗೆ ಹೋಗಬೇಕಾದರೆ ಇದನ್ನು ನಿಬಂಧನೆಯಾಗಿಡಲು ಅಡ್ಡಿಯೇನು? ಕಠಿನವಾದ ರೋಗಿಗಳನ್ನು ಆಸ್ಪತ್ರೆಗಳು ಆಗ ದೂರವಿಡುವುವೆಂಬ ಭಯಕ್ಕೆ ರೋಗದ ಹಂತವನ್ನೂ ಗಣನೆಗೆ ತೆಗೆದುಕೊಳ್ಳುವ ಸಂಖ್ಯಾಶಾಸ್ತ್ರದಲ್ಲಿ ಪರಿಹಾರವುಂಟು. ಇನ್ನು ಪರೀಕ್ಷೆಗೊಳಪಡದ ಆಕರಕೋಶ ಚಿಕಿತ್ಸೆಗೆ ರೋಗಿಯಿಂದ ಒಂದು ಕಾಸನ್ನೂ ಪಡೆಯಕೂಡದೆಂಬುದು ಎರಡನೆಯ ನಿಯಮವಾಗಬೇಕು. ಪ್ರಯೋಗವಾದರೆ ವೆಚ್ಚವನ್ನು ಪ್ರಯೋಗ ಮಾಡುವವನು ಹೊರಲಿ.

2012ರ ಅಕ್ಟೋಬರಿನಲ್ಲಿ ಥಾಮಸರು ತೀರಿಕೊಂಡಾಗ ಅವರಿಗೆ 92 ವರ್ಷ. ಆ ವರ್ಷದ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ನಡೆದ ಇಂಥ ಕಸಿಗಳ ಸಂಖ್ಯೆ 10 ಲಕ್ಷವನ್ನು ಮುಟ್ಟಿತ್ತೆಂದು ಅಂತರರಾಷ್ಟ್ರೀಯ ಸಂಘಟನೆಗಳು ಎಣಿಸಿವೆ. ಆ ಎಣಿಕೆಯ ಆದಿಯಲ್ಲಿ ನಿಂತವರು, ಒಬ್ಬರೂ ಬದುಕದೆ ಹೋದ 1957ರ ಆ ಆರು ಮಂದಿ. ಅವರ ಸಾವನ್ನು ಹೆಸರಾಂತ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದಿಟ್ಟ ವೈದ್ಯನ ಬಗೆಗೆ ನಾವು ಇಟ್ಟುಕೊಂಡಿರುವ ಗೌರವ ನಿಜವಾದುದಾದರೆ, ನಮ್ಮ ಆಸ್ಪತ್ರೆಗಳೂ ತಮ್ಮ ಲೆಕ್ಕವನ್ನು ಹಾಗೆಯೇ ಬರೆಯುವಂತೆ ಮಾಡುವ ಶಾಸನವನ್ನು ಕೇಳಲು ನಾವು ಹಿಂಜರಿಯಬೇಕಾದ ಕಾರಣವಿಲ್ಲ.